ಸಹಾಯ ಬೇಕು: ಕೋಲ್ಕಾ ಕಮರಿ ಇಳಿಯುವಾಗ ಜೊತೆಗಾರನ ಮಂಡಿ ನೋವು

ಪೆರುವಿನ ಕೋಲ್ಕಾ ಕಮರಿಯನ್ನು ಇಬ್ಬರು ಎರಡು ದಿನದಲ್ಲಿ ನಡೆಯಬೇಕೆಂದಿದ್ದೇವೆ. ಆ ದಾರಿ ಗೊತ್ತಿರುವವರು ದಯವಿಟ್ಟು ಹೇಳಿ.

ಮೊದಲ ದಿನ ಕಮರಿಯ ಅಂಚಿನ ಊರಾದ ಕಬಾನಾಕೊಂಡೆಯಿಂದ (ಸುಮಾರು 3,300 ಮೀ. ಎತ್ತರ) ಸಾನ್ ಹುವಾನ್ ದೆ ಚುಚ್ಚೊಗೆ ಇಳಿದು, ಮಲಾಟ ಹಳ್ಳಿ ಹಾದು, ಕಮರಿಯ ತಳದ ಸಂಗಾಯೆಯಲ್ಲಿ ತಂಗುವುದು. ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಹೆಡ್‌ಲ್ಯಾಂಪ್ ಹಾಕಿಕೊಂಡು ಕಬಾನಾಕೊಂಡೆಗೆ ಸುಮಾರು 1,100 ಮೀ. ನೇರ ಏರು. ತಡವಾದರೆ ಕಮರಿಯ ಆ ಗೋಡೆಯಲ್ಲಿ ನೆರಳೇ ಸಿಗುವುದಿಲ್ಲ.

ತೊಂದರೆ ಇರುವುದು ಇಳಿಜಾರಿನಲ್ಲಿ. ಒಂದು ಗಂಟೆ ಇಳಿದ ಮೇಲೆ ಜೊತೆಗಾರನ ಬಲ ಮಂಡಿಯ ಹೊರಬದಿ ನೋಯುತ್ತದೆ. ಏರುವಾಗ, ಸಮತಟ್ಟಿನಲ್ಲಿ ಏನೂ ಇಲ್ಲ. ನಡಿಗೆ ಕೋಲುಗಳನ್ನು 5ರಿಂದ 10 ಸೆಂ.ಮೀ. ಉದ್ದ ಮಾಡಿ, ಹೆಜ್ಜೆ ಚಿಕ್ಕದಾಗಿಟ್ಟು, ಮಂಡಿ ತುಸು ಬಗ್ಗಿಸಿ ಇಳಿಯುವುದು ರೂಢಿಯಾಗಿದೆ. ಬೆರಳು ಮುಂದಕ್ಕೆ ಗುದ್ದದಂತೆ ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟುತ್ತೇವೆ. ಆದರೂ ಸಡಿಲ ಜಲ್ಲಿಯ ಮೇಲೆ ಹಿಮ್ಮಡಿ ಊರಿ ತಡೆಯಲು ಹೋದರೆ ಕಾಲು ಜಾರುತ್ತದೆ, ಆ ಎಳೆತವೆಲ್ಲ ಮಂಡಿಗೇ.

ಕೇಳಬೇಕಾದ್ದು ಇಷ್ಟೇ. ಸಾನ್ ಹುವಾನ್ ಕಡೆಯ ಇಳಿತಕ್ಕಿಂತ ಸಂಗಾಯೆಗೆ ನೇರ ಇಳಿಯುವ ದಾರಿ ಮಂಡಿಗೆ ಹೆಚ್ಚು ಕಷ್ಟವೇ? ಮಂಡಿ ಪೂರ್ತಿ ಕೈಕೊಟ್ಟರೆ ಏರಲು ಹೇಸರಗತ್ತೆಯನ್ನು ಹಿಂದಿನ ಸಂಜೆಯೇ ಹೇಳಿಡಬೇಕೇ?

ನೀರು ತಲಾ 3 ಲೀಟರ್ ಹೊರುತ್ತೇವೆ. ಕೆಳಗಿನ ನೀರನ್ನು 3 ನಿಮಿಷ ಕುದಿಸುತ್ತೇವೆ (2,000 ಮೀಟರಿನ ಮೇಲೆ ನೀರು ಕಡಿಮೆ ಬಿಸಿಗೇ ಕುದಿಯುವುದರಿಂದ ಒಂದು ನಿಮಿಷ ಸಾಲದು). ಮಲಾಟದ ತನಕ ನಡುವೆ ನೀರು ತುಂಬಿಕೊಳ್ಳುವ ಜಾಗ ಇದೆಯೇ?