ಸಹಾಯ ಬೇಕು: ಅವಧಿಯನ್ನು ಪೂರ್ಣಾಂಕವಾಗಿ ಉಳಿಸಲು ಯಾವ ಘಟಕ ಸರಿ?

ನಮಸ್ಕಾರ. ಡೇಟಾಬೇಸಿನಲ್ಲಿ ಉಳಿಸುವ ಒಂದೇ ಅವಧಿಯನ್ನು ಗೋ ಮತ್ತು ಜಾವಾ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಸೆಕೆಂಡಿಗೆ ಇಳಿಸಿದಾಗ ಋಣ ಬೆಲೆಗಳು ತಾಳೆಯಾಗುತ್ತಿಲ್ಲ.

ಉದಾಹರಣೆಗೆ −1500 ಮಿಲಿಸೆಕೆಂಡ್. ಗೋದಲ್ಲಿ ಅವಧಿಯನ್ನು ಹಿಡಿಯುವ ಡ್ಯುರೇಷನ್ ಅಂದರೆ ನ್ಯಾನೋಸೆಕೆಂಡ್ ಲೆಕ್ಕದ 64 ಬಿಟ್ ಪೂರ್ಣಾಂಕ, ಅಷ್ಟೇ. ಅದನ್ನು ಟೈಮ್.ಸೆಕೆಂಡ್‌ನಿಂದ (ಒಂದು ಸೆಕೆಂಡಿನ ನ್ಯಾನೋಸೆಕೆಂಡ್ ಬೆಲೆ) ಭಾಗಿಸಿದರೆ ಉಳಿಕೆ ಸೊನ್ನೆಯ ಕಡೆಗೆ ಕತ್ತರಿಸಿ −1 ಬರುತ್ತದೆ. ಅವಧಿಯ ಸೆಕೆಂಡ್ ಭಾಗ ಕೊಡುವ ಜಾವಾದ ಗೆಟ್‌ಸೆಕೆಂಡ್ಸ್ ಮಾತ್ರ −2 ಕೊಡುತ್ತದೆ. ಅಲ್ಲಿ ನ್ಯಾನೋ ಭಾಗ ಎಂದೂ ಋಣವಾಗಿರುವಂತಿಲ್ಲ, ಹಾಗಾಗಿ −2 ಸೆಕೆಂಡ್ ಜೊತೆ 50,00,00,000 ನ್ಯಾನೋ. ಎರಡೂ ತಪ್ಪಲ್ಲ, ಅದೇ ತಲೆನೋವು.

ಸೆಕೆಂಡ್ ಬಿಟ್ಟು ನ್ಯಾನೋಸೆಕೆಂಡನ್ನೇ ಉಳಿಸೋಣವೆಂದರೆ, ಜಾವಾಸ್ಕ್ರಿಪ್ಟ್ ಬಳಸುವ ವೆಬ್ ಪುಟವೂ ಜೇಸನ್ (ದತ್ತಾಂಶ ಕಳಿಸುವ ಪಠ್ಯ ರೂಪ) ಮೂಲಕ ಇದೇ ಸಂಖ್ಯೆ ಓದುತ್ತದೆ. 2ರ 53ನೇ ಘಾತದಾಚೆ ಅದರ ನಿಖರತೆ ಹೋಗುತ್ತದೆ, ಅಂದರೆ ಸುಮಾರು 104 ದಿನ. ಮಿಲಿಸೆಕೆಂಡ್ ಸಾಕೆನಿಸುತ್ತದೆ, ಆದರೆ ಡೇಟಾಬೇಸಿನ ಈಗಿನ ಕಾಲಂ 32 ಬಿಟ್. ಸುಮಾರು 24 ದಿನ 20 ಗಂಟೆ 31 ನಿಮಿಷ ದಾಟುತ್ತಿದ್ದಂತೆ ಸಂಖ್ಯೆ ಅದರಲ್ಲಿ ಹಿಡಿಸದೆ ಉಕ್ಕುತ್ತದೆ. ಅದನ್ನು 64 ಬಿಟ್ ಮಾಡಲೇಬೇಕು.

(ಟೈಮ್.ಡ್ಯುರೇಷನ್(30) ಎಂದರೆ 30 ನ್ಯಾನೋಸೆಕೆಂಡ್ ಎಂಬುದು ಗೊತ್ತು, ಟೈಮ್.ಸೆಕೆಂಡ್‌ನಿಂದ ಗುಣಿಸಿದ್ದೇನೆ. ತೊಂದರೆ ಅಲ್ಲಿಲ್ಲ.)

ಕೇಳಬೇಕಾದ್ದು ಎರಡು. ಮಿಲಿಸೆಕೆಂಡಿಗೆ ಇಳಿಸುವಾಗ ಕತ್ತರಿಸುವುದೋ, ಹತ್ತಿರದ ಬೆಲೆಗೆ ಸರಿಹೊಂದಿಸುವ ಗೋದ ರೌಂಡ್ ಬಳಸುವುದೋ? ಈಗಾಗಲೇ ಸೆಕೆಂಡಿನಲ್ಲಿರುವ ಹಳೆಯ ಸಾಲುಗಳನ್ನು 1000ದಿಂದ ಗುಣಿಸುವುದೋ, ಘಟಕದ ಹೆಸರಿರುವ ಹೊಸ ಕಾಲಂ ಸೇರಿಸುವುದೋ? ಸರ್ವಿಸ್ ನಿಲ್ಲಿಸದೆ ಹೀಗೆ ಬದಲಿಸಿದವರಿದ್ದರೆ ಕ್ರಮ ತಿಳಿಸಿ.