ಓದುಗರ ಸ್ಪಂದನ: ಸ್ಯಾನ್ ಫ್ರಾನ್ಸಿಸ್ಕೋ ಗುಡ್ಡ ಹತ್ತೋದಾ, ಸನಿವೇಲ್‌ನಲ್ಲೇ ಇದ್ದುಬಿಡೋದಾ?

ಓದುಗರೊಬ್ಬರ ಸಮಸ್ಯೆ: "ನಾವು ಆರು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಕ್ಷಿಣಕ್ಕಿರೋ ಸನಿವೇಲ್‌ನಲ್ಲಿದ್ದೀವಿ. ನಮ್ಮನೆಯವರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಸ ಕೆಲಸ ಸಿಕ್ಕಿದೆ, ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹೋಗ್ಲೇಬೇಕಂತೆ. ನಾನು ಮನೆಯಿಂದಾನೇ ಕೆಲಸ ಮಾಡ್ತೀನಿ, ಮಗಳಿಗೆ 4 ವರ್ಷ. ಮೇ ತಿಂಗಳಲ್ಲಿ ಅತ್ತೆ ಬಂದು ಆರು ತಿಂಗಳು ಇರ್ತಾರೆ, ಅವ್ರಿಗೆ ಮಂಡಿ ನೋವು. ಆ ಊರು ನೋಡೋಕೆ ಚೆಂದ, ಆದ್ರೆ ಬಾಡಿಗೆ ಕೇಳಿದ್ರೆ ಎದೆ ಝಲ್ ಅನ್ನುತ್ತೆ, ಗುಡ್ಡ ನೋಡಿದ್ರೆ ಕಾಲು ನಡುಗುತ್ತೆ. ಅಲ್ಲಿರೋರು, ಇದ್ದು ಬಿಟ್ಟು ಬಂದೋರು ಇದ್ದಿದ್ದು ಇದ್ದಂಗೆ ಹೇಳಿ."

ಒಂಬತ್ತು ವರ್ಷದಿಂದ ಇಲ್ಲೇ ಇರೋಳು, ಸ್ಯಾನ್ ಫ್ರಾನ್ಸಿಸ್ಕೋದ ನೋಯಿ ವ್ಯಾಲಿ:

ಮೇಡಂ, ಊರಿನ ಚಿಂತೆ ಬಿಟ್ಟು ಮೊದ್ಲು ಬೀದಿ ನೋಡಿ. ಇಡೀ ಊರು ಏಳು ಮೈಲಿ ಉದ್ದ ಏಳು ಮೈಲಿ ಅಗಲ ಅಷ್ಟೇ, ಅದ್ರೊಳಗೆ ಒಂದು ಬೀದಿ ಸಮ ಇದ್ರೆ ಪಕ್ಕದ್ದು ಏಣಿ ಥರ. ನಮ್ಮ ಕಡೆನೇ ತಗೊಳಿ, 24ನೇ ಬೀದಿಯಲ್ಲಿ ಅಂಗಡಿ ಕಾಫಿ ಎಲ್ಲಾ ಸಿಗುತ್ತೆ, ಆರಾಮಾಗಿ ಓಡಾಡ್ಬಹುದು, ಕೆಲವೇ ಬೀದಿ ಆಚೆ 22ನೇ ಬೀದಿಗೆ ಹೋಗಿ, ಚರ್ಚ್ ಸ್ಟ್ರೀಟಿಂದ ವಿಕ್ಸ್‌ಬರ್ಗ್‌ವರೆಗೆ 31.5 ಪರ್ಸೆಂಟ್ ಏರು, ಅಂದ್ರೆ ನೂರು ಅಡಿ ಮುಂದಕ್ಕೆ ಹೋಗೋಷ್ಟರಲ್ಲಿ ಮೂವತ್ತೊಂದೂವರೆ ಅಡಿ ಮೇಲಕ್ಕೆ. ರಷ್ಯನ್ ಹಿಲ್‌ನಲ್ಲಿ ಫಿಲ್ಬರ್ಟ್ ಸ್ಟ್ರೀಟೂ ಅಷ್ಟೇ. ಇನ್ನೂ ಕೆಲವು ಕಡೆ ಫುಟ್‌ಪಾತ್ ಬದ್ಲು ಮೆಟ್ಟಿಲೇ ಕಟ್ಟಿರ್ತಾರೆ.

ಆನ್‌ಲೈನ್ ಫೋಟೋದಲ್ಲಿ ಇದ್ಯಾವ್ದೂ ಕಾಣಲ್ಲ. ನಮ್ಮ ಮೊದಲನೇ ಮನೆ ಓನರ್ರು ಬಸ್ ಸ್ಟಾಪಿಂದ ನಾಲ್ಕೇ ನಿಮಿಷ ಅಂದಿದ್ರು, ಸುಳ್ಳೇನಲ್ಲ, ಇಳಿಯೋಕೆ ನಾಲ್ಕೇ ನಿಮಿಷ, ಹಾಲಿನ ಕ್ಯಾನು ಅಕ್ಕಿ ಚೀಲ ಹಿಡ್ಕೊಂಡು ವಾಪಸ್ ಹತ್ತೋಕೆ ಹನ್ನೊಂದು!

ಆಗಿನ ಒಂದು ಕಥೆ ಹೇಳ್ತೀನಿ. ಒಂದು ಭಾನುವಾರ ನಿಮ್ಮ ಸನಿವೇಲ್‌ನಲ್ಲೇ ಇರೋ ನಾದಿನಿ ಮನೆಯಿಂದ ದೊಡ್ಡ ಸ್ಟೀಲ್ ಡಬ್ಬಿ ತುಂಬಾ ದೋಸೆ ಹಿಟ್ಟು ತಂದೆ, ಚೆನ್ನಾಗಿ ಹುದುಗು ಬಂದಿದ್ದ ಹಿಟ್ಟು. ಹೈವೇ ಪೂರ್ತಿ ಏನೂ ಆಗ್ಲಿಲ್ಲ. ನಮ್ಮ ಬೀದಿ ಹತ್ತಿ, ಕಾರು ನಿಲ್ಸಿ, ಹ್ಯಾಂಡ್ ಬ್ರೇಕ್ ಎಳೆದು ಡಿಕ್ಕಿ ತೆಗೀತೀನಿ, ಡಬ್ಬಿ ಆಗ್ಲೇ ಮಗುಚಿಕೊಂಡಿದೆ. ಹಿಟ್ಟು ಬಂಪರ್ ಮೇಲೆ ಇಳೀತು, ಬಂಪರಿಂದ ರಸ್ತೆಗೆ, ಅಲ್ಲಿಂದ ಅವಸರ ಇಲ್ದೆ ಕೆಳಗಿನ ಮನೆ ಗ್ಯಾರೇಜ್ ಬಾಗಿಲ ತನಕ ಬೆಳ್ಳಗೆ ಗೆರೆ ಎಳ್ಕೊಂಡು ಹೋಯ್ತು. ನಾನು ಡಬ್ಬಿ ಹಿಡ್ಕೊಂಡು ನೋಡ್ತಾ ನಿಂತಿದ್ದೆ, ಏನು ಮಾಡೋಕಾಗುತ್ತೆ ಹೇಳಿ. ಮಾರನೇ ದಿನ ಒಣಗಿ ಪ್ಲಾಸ್ಟರ್ ಥರ ಆಗಿತ್ತು, ದೋಸೆ ಮಗುಚೋ ಸಟ್ಟುಗದಿಂದಾನೇ ಕೆರೆದೆ.

ಕಾರು ನಿಲ್ಸೋಕೂ ಇಲ್ಲಿ ಕಾನೂನು ಇದೆ, 3 ಪರ್ಸೆಂಟಿಗಿಂತ ಜಾಸ್ತಿ ಇಳಿಜಾರು ಇದ್ರೆ ಚಕ್ರ ತಿರುಗಿಸಿಯೇ ನಿಲ್ಲಿಸ್ಬೇಕು, ಕಾರಿನ ಮೂತಿ ಮೇಲಕ್ಕಿದ್ರೆ ಚಕ್ರ ರಸ್ತೆ ಕಡೆಗೆ, ಕೆಳಕ್ಕಿದ್ರೆ ಫುಟ್‌ಪಾತ್ ಕಡೆಗೆ, ಬ್ರೇಕ್ ಕೈಕೊಟ್ರೂ ಕಾರು ಕಲ್ಲಿಗೆ ತಾಗಿ ನಿಂತ್ಕೊಳ್ಳಲಿ ಅಂತ. ಮರೆತ್ರೆ ಗಾಜಿನ ಮೇಲೆ ಟಿಕೆಟ್. ನನಗೀಗ ಬೆಂಗಳೂರಿಗೆ ಹೋದಾಗ್ಲೂ ಅಪ್ಪನ ಕಾರು ನಿಲ್ಸುವಾಗ ಕೈ ತಾನಾಗೇ ಸ್ಟಿಯರಿಂಗ್ ತಿರುಗಿಸುತ್ತೆ, ಮನೇಲಿ ನಗ್ತಾರೆ.

ಇಷ್ಟಾದ್ರೂ ನಾನು ಊರು ಬಿಟ್ಟಿಲ್ಲ. ಬೀದಿ ಬದಲಾಯಿಸಿದೆ.

ಇದ್ದು ಬಿಟ್ಟು ಬಂದೋನು, ಈಗ ಫ್ರೀಮಾಂಟ್:

ಮೇಲೆ ಬರೆದೋರು ದೋಸೆ ಹಿಟ್ಟಿನ ಕಥೆ ಹೇಳಿದ್ರು, ದುಡ್ಡಿನ ಕಥೆ ನಾನು ಹೇಳ್ತೀನಿ. ಒಂದು ಬೆಡ್‌ರೂಮಿಗೇ 3000 ಡಾಲರ್ ದಾಟುತ್ತೆ, ನಿಮಗೆ ಅತ್ತೆಗೊಂದು ರೂಮು, ನಿಮ್ಮ ಆಫೀಸ್ ಕಾಲ್‌ಗೊಂದು ಮೂಲೆ ಬೇಕು ಅಂದ್ರೆ ಲೆಕ್ಕ ನೀವೇ ಹಾಕ್ಕೊಳಿ. ಸನಿವೇಲೂ ಏನು ಅಗ್ಗ ಅಲ್ಲ ಬಿಡಿ, ಆದ್ರೆ ಅಲ್ಲಿ ಅಪಾರ್ಟ್‌ಮೆಂಟ್ ಅಂದ್ರೆ ಸಾಮಾನ್ಯವಾಗಿ ಕಾರಿಗೊಂದು ಜಾಗ ಇದ್ದೇ ಇರುತ್ತೆ, ಸ್ಯಾನ್ ಫ್ರಾನ್ಸಿಸ್ಕೋದ ಹಳೇ ಕಟ್ಟಡಗಳಲ್ಲಿ ಮನೆ ಬಾಡಿಗೆ ಬೇರೆ, ಕಾರಿನ ಜಾಗದ ಬಾಡಿಗೆ ಬೇರೆ. ನಮಗೆ ಗ್ಯಾರೇಜಿಗೆ ತಿಂಗಳಿಗೆ 350 ಹೋಗ್ತಿತ್ತು, ಬಟ್ಟೆ ಒಗೆಯೋಕೆ ಕಾಯಿನ್ ಹಿಡ್ಕೊಂಡು ಎರಡು ಬೀದಿ ಆಚೆ. ಗ್ಯಾರೇಜ್ ಬೇಡ ಅಂತ ಬೀದೀಲಿ ನಿಲ್ಲಿಸ್ತೀರಾ, ಬೀದಿ ಗುಡಿಸೋ ಗಾಡಿ ಬರೋ ದಿನ ಬೆಳಗ್ಗೆ ಕಾರು ತೆಗೀಬೇಕು, ಒಂದು ಗುರುವಾರ ಮರೆತ್ರೆ ನೂರು ಡಾಲರ್ ಹತ್ತತ್ರ ದಂಡ. ಕಾರಲ್ಲಿ ಒಂದು ಖಾಲಿ ಬ್ಯಾಗ್ ಕೂಡ ಕಾಣೋ ಹಾಗೆ ಬಿಡ್ಬೇಡಿ, ನನ್ನ ಕಾರಿನ ಗಾಜು ಎರಡು ಸಲ ಒಡೆದಿದ್ದಾರೆ, ಎರಡನೇ ಸಲ ಒಳಗಿದ್ದಿದ್ದು ಮಗುವಿನ ಡೈಪರ್ ಚೀಲ, ಕದ್ದೋನಿಗೂ ಬೇಜಾರಾಗಿರುತ್ತೆ.

ಆದ್ರೆ ಒಂದು ಒಳ್ಳೇ ವಿಷಯ ಹೇಳದೇ ಇದ್ರೆ ತಪ್ಪಾಗುತ್ತೆ. 1979ರ ಜೂನ್‌ಗಿಂತ ಮುಂಚೆ ಕಟ್ಟಿದ, ಎರಡು ಅಥವಾ ಅದಕ್ಕಿಂತ ಹೆಚ್ಚು ಮನೆ ಇರೋ ಕಟ್ಟಡದಲ್ಲಿ ಸಿಕ್ರೆ ರೆಂಟ್ ಕಂಟ್ರೋಲ್ ಇರುತ್ತೆ. ವರ್ಷಕ್ಕೆ ಹಣದುಬ್ಬರದ ಶೇಕಡಾ 60ರಷ್ಟು ಮಾತ್ರ ಏರಿಸ್ಬಹುದು, ಏನೇ ಆದ್ರೂ 7 ಪರ್ಸೆಂಟ್ ಮೀರೋ ಹಾಗಿಲ್ಲ. ಒಂಟಿ ಮನೆ, ಕಾಂಡೋ (ಒಬ್ಬೊಬ್ಬರ ಸ್ವಂತದ ಫ್ಲಾಟ್) ಗಳಿಗೆ ಹೆಚ್ಚಾಗಿ ಇದು ಅನ್ವಯ ಆಗಲ್ಲ, ಹಾಗಾಗಿ ಹೊಳೆಯೋ ಹೊಸ ಕಟ್ಟಡ ನೋಡಿ ಮರುಳಾಗ್ಬೇಡಿ, ಕಟ್ಟಿದ ವರ್ಷ ಕೇಳಿ. ಇದಕ್ಕೊಂದು ತೊಂದ್ರೆನೂ ಇದೆ, ನೀವು ಖಾಲಿ ಮಾಡಿದ ತಕ್ಷಣ ಮುಂದಿನೋರಿಗೆ ಹೊಸ ರೇಟು, ಹಾಗಾಗಿ ಹಳೇ ಬಾಡಿಗೆದಾರರು ಮನೆ ಇಕ್ಕಟ್ಟಾದ್ರೂ ಅಲ್ಲಾಡಲ್ಲ, ಖಾಲಿ ಮನೆ ಸಿಗೋದೇ ಕಷ್ಟ. ಡೆಪಾಸಿಟ್ ಮಾತ್ರ ಬೆಂಗಳೂರಿನ ಹತ್ತು ತಿಂಗಳಿನ ಹಾಗಲ್ಲ, 2024ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಒಂದೆರಡು ಮನೆ ಇಟ್ಟಿರೋ ಸಣ್ಣ ಓನರ್‌ಗಳು ಎರಡು ತಿಂಗಳದ್ದು ಕೇಳ್ಬಹುದು.

ನನ್ನ ಕೇಳಿದ್ರೆ ಇದ್ದಲ್ಲೇ ಇರಿ. ಕ್ಯಾಲ್‌ಟ್ರೇನ್ ಅನ್ನೋ ಲೋಕಲ್ ರೈಲು 2024ರ ಸೆಪ್ಟೆಂಬರ್‌ನಿಂದ ಕರೆಂಟಲ್ಲಿ ಓಡ್ತಿದೆ, ಎಕ್ಸ್‌ಪ್ರೆಸ್ಸಾದ್ರೆ ಸನಿವೇಲ್‌ಗಿಂತ ಆಚೆ ಇರೋ ಸ್ಯಾನ್ ಹೋಸೆಯಿಂದಲೇ ಒಂದು ಗಂಟೆಯೊಳಗೆ. ಯಜಮಾನ್ರು ಹೋಗಿ ಬರ್ಲಿ, ನಿದ್ದೆನಾದ್ರೂ ಆಗುತ್ತೆ.

ಮೈಸೂರಿನ ಒಬ್ಬ ಅಜ್ಜಿ:

ನೋಡಮ್ಮಾ, ನಾನು ನಿಮ್ಮತ್ತೆ ಪಾರ್ಟಿ. ಇಬ್ಬರು ಹೆಣ್ಮಕ್ಕಳೂ ಅಲ್ಲೇ ಇರೋದು, ದೊಡ್ಡೋಳು ನಿಮ್ಮ ಸನಿವೇಲ್ ಕಡೆ, ಚಿಕ್ಕೋಳು ಸ್ಯಾನ್ ಫ್ರಾನ್ಸಿಸ್ಕೋದ ಇನ್ನರ್ ಸನ್‌ಸೆಟ್‌ನಲ್ಲಿ. ದೊಡ್ಡೋಳ ಮನೆ ಅಂಗೈ ಥರ ಸಮ, ಒಂದು ಮೆಟ್ಟಿಲಿಲ್ಲ, ಹೊರಗೆ ಬಿಸಿಲು, ಹಿತ್ತಲಲ್ಲಿ ನಿಂಬೆ ಗಿಡ. ಆದ್ರೆ ಮೂರು ತಿಂಗಳು ನಾನು ಜೈಲಲ್ಲಿದ್ದ ಹಾಗಿದ್ದೆ ಕಣಮ್ಮಾ. ಎಲ್ಲಿಗೆ ಹೋಗ್ಬೇಕಂದ್ರೂ ಕಾರು, ಕಾರು ಅಂದ್ರೆ ಅಳಿಯಂದ್ರ ಬಿಡುವು ಕಾಯ್ಬೇಕು, ಅವ್ರು ಪಾಪ ಒಳ್ಳೇವ್ರೇ, ಆದ್ರೆ ಒಂದು ಕೊತ್ತಂಬರಿ ಕಟ್ಟಿಗೆ ಎಷ್ಟು ಸಲ ಬಾಯಿ ಬಿಡೋದು.

ಚಿಕ್ಕೋಳ ಮನೇಲಿ ಮಂಡಿ ನೋವು ಇತ್ತು, ಆದ್ರೂ ದಿನಾ ಹೊರಗೆ ಹೋಗ್ತಿದ್ದೆ. ಬಸ್ಸು ಬಂದು ನಿಂತು ಮುಂದಿನ ಬಾಗಿಲ ಕಡೆ ಬುಸ್ ಅಂತ ಬಗ್ಗುತ್ತೆ, ನಮ್ಮಂಥೋರು ಹತ್ತಲಿ ಅಂತ. ಮೊದಲನೇ ಸಲ ಪಂಕ್ಚರ್ ಆಯ್ತು ಅಂದ್ಕೊಂಡು ಹಿಂದಕ್ಕೆ ಸರಿದೆ, ಡ್ರೈವರಮ್ಮ ನಕ್ಕು ಕೈ ಬೀಸಿ ಕರೆದ್ಲು. ರೈಲಿನ ಥರ ಓಡುತ್ತಲ್ಲ, ಎನ್ ಜೂಡಾ, ಅದಕ್ಕೆ ರಸ್ತೆ ಮೇಲಿನ ಸ್ಟಾಪಲ್ಲಿ ಮೆಟ್ಟಿಲು ಹತ್ತಬೇಕು, ಹಾಗಾಗಿ ನಾನು ಬಸ್ಸೇ ಹಿಡೀತಿದ್ದೆ. ಅರವತ್ತೈದು ದಾಟಿದೋರಿಗೆ ಟಿಕೆಟ್ಟೂ ಕಮ್ಮಿ. ಗೋಲ್ಡನ್ ಗೇಟ್ ಪಾರ್ಕಲ್ಲಿ ಒಂದು ರಸ್ತೆಗೆ ಕಾರೇ ಬಿಡಲ್ಲ, ಅಲ್ಲಿ ಬೆಂಚ್ ಮೇಲೆ ಕೂತು ಒಬ್ಬ ಚೀನೀ ಅಜ್ಜಿ ಜೊತೆ ಸ್ನೇಹ ಆಯ್ತು, ಅವ್ಳಿಗೆ ಕನ್ನಡ ಬರಲ್ಲ ನನಗೆ ಚೀನೀ ಬರಲ್ಲ, ಇಬ್ಬರೂ ಮಂಡಿ ತೋರಿಸ್ಕೊಂಡು ಮಾತಾಡ್ತಿದ್ವಿ.

ಒಂದು ಮಾತು ನೆನಪಿಟ್ಕೊ, ಹತ್ತೋವಾಗ ಉಸಿರು ಹೋಗುತ್ತೆ, ಇಳಿಯೋವಾಗ ಮಂಡಿ ಹೋಗುತ್ತೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದೋರಿಗೆ ಇದು ಗೊತ್ತಿರುತ್ತೆ. ಅದಕ್ಕೆ ಮನೆಯಿಂದ ಸ್ಟಾಪಿಗೆ ಇಳಿಜಾರು ಇರ್ಬಾರ್ದು ನೋಡ್ಕೊ. ಇನ್ನೊಂದು, ಅಲ್ಲಿ ಗ್ಯಾರೇಜ್ ಕೆಳಗೆ, ಮನೆ ಮೇಲೆ, ಬೀದಿ ಸಮ ಇದ್ರೂ ಬಾಗಿಲಿಗೆ ಹದಿನೈದಿಪ್ಪತ್ತು ಮೆಟ್ಟಿಲು. ಬೀದಿ ಮಾತ್ರ ಅಲ್ಲ, ಬಾಗಿಲ ಮುಂದಿನ ಮೆಟ್ಟಿಲೂ ಎಣಿಸು. ಗ್ಯಾರೇಜ್ ಹಿಂದೆ ನೆಲಮಟ್ಟದಲ್ಲಿ ಒಂದು ಸಣ್ಣ ಮನೆ ಮಾಡಿ ಬಾಡಿಗೆಗೆ ಕೊಟ್ಟಿರ್ತಾರೆ, ಅದು ಸಿಕ್ರೆ ನಿಮ್ಮತ್ತೆಗೆ ಹೇಳಿ ಮಾಡಿಸಿದ ಹಾಗೆ.

ಮಡಿಕೇರಿ ಹುಡುಗ, ಓಕ್‌ಲ್ಯಾಂಡ್:

ಗುಡ್ಡಕ್ಕೆ ಇಷ್ಟೊಂದು ಹೆದರೋದಾ? ಊರಲ್ಲೇ ಎತ್ತರದ್ದು ಮೌಂಟ್ ಡೇವಿಡ್‌ಸನ್, ಅದೂ 928 ಅಡಿ, ನಮ್ಮಲ್ಲಿ ಅದನ್ನ ಗುಡ್ಡ ಅನ್ನೋಕೂ ಯೋಚ್ನೆ ಮಾಡ್ತಾರೆ. ಕೇಬಲ್ ಕಾರ್ (ರಸ್ತೆ ಕೆಳಗಿನ ಹಗ್ಗ ಎಳೆಯೋ ಟ್ರಾಮ್) ಇದ್ಯಲ್ಲಾ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, 1873ರಲ್ಲಿ ಕುದುರೆಗಳ ಕಷ್ಟ ತಪ್ಸೋಕೆ ಶುರು ಮಾಡಿದ್ದು ಈಗ ಟೂರಿಸ್ಟ್‌ಗಳಿಗೆ, ಟಿಕೆಟ್ಟೂ ದುಬಾರಿ, ಗಂಟೆಗೆ ಒಂಬತ್ತೂವರೆ ಮೈಲಿ ಸ್ಪೀಡು, ಕ್ಯೂನಲ್ಲಿ ನಿಲ್ಲೋ ಟೈಮಲ್ಲಿ ನಡ್ಕೊಂಡೇ ಹೋಗ್ಬಹುದು. ಮ್ಯೂನಿ, ಅಂದ್ರೆ ಸಿಟಿ ಬಸ್ಸು ಟ್ರಾಮುಗಳ, ಮಂತ್ಲಿ ಪಾಸ್ ಇದ್ರೆ ಅದ್ರಲ್ಲೇ ಹತ್ತಬಹುದು, ಯಜಮಾನ್ರಿಗೆ ಹೇಳಿ.

ಹುಬ್ಬಳ್ಳಿಯಾಂವ, ಬಿಲ್ಡಿಂಗ್ ಕೆಲಸದಾಂವ, ಡೇಲಿ ಸಿಟಿ:

ಅಕ್ಕಾರ, ಎಲ್ಲಾರೂ ನಿಮಗ ಗುಡ್ಡದ ಅಂಜಿಕಿ ಹಾಕ್ಲಿಕ್ಕತ್ಯಾರ, ಖರೇ ಅಂದ್ರ ಅಂಜಬೇಕಾದ್ದು ಸಪಾಟ ಜಾಗಾಕ್ಕ. ಈ ಊರಾಗ ಸಮ ಕಾಣೋ ನೀರಿನ ದಂಡಿ ಜಾಗಾ ಭಾಳಷ್ಟು ನೀರಾಗ ಮಣ್ಣು ತುಂಬಿ ಮಾಡಿದ್ದು. 1989ರ ಅಕ್ಟೋಬರ್ 17ಕ್ಕ ಭೂಕಂಪ ಆತಲ್ರಿ, ಅದರ ಕೇಂದ್ರ ಇದ್ದದ್ದು ಸುಮಾರು ಅರವತ್ತು ಮೈಲಿ ದೂರ ಸಾಂಟಾ ಕ್ರೂಜ್ ಗುಡ್ಡದಾಗ, ಆದ್ರ ಇಲ್ಲಿ ಮರೀನಾ ಅನ್ನೋ ಸಪಾಟ ಏರಿಯಾದಾಗ ತುಂಬಿದ ಮಣ್ಣು ಕೆಸರಿನಂಗಾಗಿ ಮನಿ ಕುಸಿದ್ವು. ಕಲ್ಲಿನ ಗುಡ್ಡದ ಮ್ಯಾಲಿನ ಮನಿಗೆ ಅಷ್ಟು ಅಲುಗಾಟ ಇರಂಗಿಲ್ಲ.

ಮನಿ ನೋಡ್ಲಿಕ್ಕೆ ಹೋದಾಗ ಒಂದ ಕೆಲಸಾ ಮಾಡ್ರಿ, ಕೆಳಗಿನ ಅಂತಸ್ತು ನೋಡ್ರಿ. ಬರೇ ಗ್ಯಾರೇಜ್ ಬಾಗಲಾ ಸಾಲಾಗಿ, ಗ್ವಾಡಿನ ಇಲ್ಲದ ನಾಕ ಕಾಲ ಮ್ಯಾಲೆ ನಿಂತಂಗಿದ್ರ, ಅದಕ್ಕ ಸಾಫ್ಟ್ ಸ್ಟೋರಿ ಅಂತಾರ. 2013ರ ಕಾನೂನಿನ ಪ್ರಕಾರ ಇಂಥಾ ಹಳೇ ಕಟ್ಟಿಗಿ ಕಟ್ಟಡ, ಮೂರು ಅಂತಸ್ತು ಮತ್ತ ಐದು ಮನಿಗಿಂತ ಕಮ್ಮಿ ಇಲ್ಲದ್ದು, ಗಟ್ಟಿ ಮಾಡಿಸಲೇಬೇಕು. ಆಗೇದೋ ಇಲ್ಲೋ ಅಂತ ಓನರ್‌ಗೆ ಬಾಯಿಬಿಟ್ಟು ಕೇಳ್ರಿ, ನಾಚಬ್ಯಾಡ್ರಿ. ಅಡಗಿಮನಿ ಟೈಲ್ಸ್ ಆಮ್ಯಾಲೆ ನೋಡ್ರಂತ.

ಇಬ್ಬರು ಮಕ್ಕಳ ತಾಯಿ, ಔಟರ್ ಸನ್‌ಸೆಟ್:

ಮಗಳಿಗೆ 4 ಅಂದ್ರೆ ಮುಂದಿನ ವರ್ಷ ಶಾಲೆ. ಇಲ್ಲಿ ಸರ್ಕಾರಿ ಶಾಲೆಗೆ ಮನೆ ಪಕ್ಕದ್ದೇ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಬೇಕಾದ ಶಾಲೆಗಳ ಪಟ್ಟಿ ಬರೆದು ಕೊಡ್ಬೇಕು, ಆಮೇಲೆ ಲಾಟರಿ ಥರ. ಸನಿವೇಲ್‌ನಿಂದ ಬರೋರಿಗೆ ಇದೇ ದೊಡ್ಡ ಶಾಕು, ಬಾಡಿಗೆಗಿಂತ. ಭಾರತದ ಮಕ್ಕಳೂ ಆ ಕಡೆಯಷ್ಟು ಇಲ್ಲ, ಕನ್ನಡ ಕ್ಲಾಸು, ರಾಜ್ಯೋತ್ಸವ ಎಲ್ಲಾ ಹೆಚ್ಚಾಗಿ ಸೌತ್ ಬೇ, ಅಂದ್ರೆ ನಿಮ್ಮ ಸನಿವೇಲ್ ಕಡೆನೇ, ಶನಿವಾರ ಒಂದು ಗಂಟೆ ಡ್ರೈವು ಖಾಯಂ. ಒಳ್ಳೇದು ಅಂದ್ರೆ 18 ವರ್ಷ ಮತ್ತು ಅದಕ್ಕಿಂತ ಚಿಕ್ಕೋರಿಗೆ ಮ್ಯೂನಿ ಫ್ರೀ, ನನ್ನ ಹನ್ನೆರಡು ವರ್ಷದ ಮಗ ಒಬ್ಬನೇ ಬಸ್ಸಲ್ಲಿ ಈಜು ಕ್ಲಾಸಿಗೆ ಹೋಗ್ತಾನೆ, ನಾನು ಡ್ರೈವರ್ ಕೆಲಸದಿಂದ ರಿಟೈರ್ ಆದೆ.

ನಮ್ಮ ಕಡೆ ಬೀದಿ ಸಮ, ಬಾಡಿಗೆ ಊರೊಳಗೆ ಸ್ವಲ್ಪ ಪರವಾಗಿಲ್ಲ, ಅದಕ್ಕೆ ಬದ್ಲಾಗಿ ಮಂಜು. ಜೂನ್‌ನಿಂದ ಆಗಸ್ಟ್‌ವರೆಗೆ ಸಮುದ್ರದಿಂದ ಬಂದು ಕೂತ್ರೆ ಮಧ್ಯಾಹ್ನನೂ 15 ಡಿಗ್ರಿ, ಅದೇ ಟ್ವಿನ್ ಪೀಕ್ಸ್ ಆಚೆ ಮಿಶನ್ ಏರಿಯಾದಲ್ಲಿ ಬಿಸಿಲು, ಗುಡ್ಡ ಅಡ್ಡ ನಿಂತು ಮಂಜು ತಡೆಯುತ್ತೆ. ನಮ್ಮ ಬೀರುವಿನಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತೆ, ಥೇಟ್ ಮಲೆನಾಡಿನ ಆಷಾಢ. ಇಡ್ಲಿ ಹಿಟ್ಟು ಹೊರಗಿಟ್ರೆ ಎರಡು ದಿನ ಆದ್ರೂ ಉಬ್ಬಲ್ಲ, ಓವನ್ ಒಳಗಿಟ್ಟು ಬರೀ ಲೈಟ್ ಹಾಕಿಡ್ಬೇಕು. ನೋಯಿ ವ್ಯಾಲಿಯೋರ ಹಿಟ್ಟು ಸನಿವೇಲ್‌ನಿಂದ ಯಾಕೆ ಬಂತು ಅಂತ ಈಗ ಗೊತ್ತಾಯ್ತಾ!

ಮತ್ತೆ ನೋಯಿ ವ್ಯಾಲಿಯೋಳು:

ಸನ್‌ಸೆಟ್ ಮೇಡಂ, ಸಿಕ್ಕಿಬಿದ್ದೆ 😄 ಫ್ರೀಮಾಂಟ್ ಸಾರ್, ರೈಲಲ್ಲಿ ನಿದ್ದೆ ಮಾಡೋದು ಯಜಮಾನ್ರು, ಸಂಜೆ ಏಳೂವರೆವರೆಗೆ ಮಗು ನೋಡ್ಕೊಂಡು ಆಫೀಸ್ ಕಾಲೂ ಅಟೆಂಡ್ ಮಾಡೋದು ಪ್ರಶ್ನೆ ಕೇಳಿದ ಮೇಡಂ, ಅದೂ ಲೆಕ್ಕಕ್ಕೆ ಸೇರಿಸಿ. ಮೇಡಂ, ಮನೆ ನೋಡೋಕೆ ಜುಲೈನಲ್ಲಿ ಬನ್ನಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಬರ್ಬೇಡಿ, ಆಗ ಊರು ಬೆಚ್ಚಗೆ ಚೆಂದ ಇರುತ್ತೆ, ಮೋಸ ಹೋಗ್ತೀರ. ಅತ್ತೆ ಮೇನಲ್ಲೇ ಬರ್ತಾರೆ ಅಂದ್ರಲ್ಲ, ಅವರನ್ನೂ ಕರ್ಕೊಂಡು ಬನ್ನಿ, ಬಸ್ ಸ್ಟಾಪಿಂದ ಬಾಗಿಲವರೆಗೆ ಅವರೇ ಒಂದು ಸಲ ನಡೀಲಿ, ಕೈಲಿ ಎರಡು ಕಿಲೋ ಈರುಳ್ಳಿ ನೀವು ಹಿಡ್ಕೊಳಿ. 24ನೇ ಬೀದಿ ಹತ್ರ ಏನಾದ್ರೂ ಸಿಕ್ರೆ ತಿಳಿಸಿ, ನಮ್ಮನೇಲಿ ಒಂದು ಇಡ್ಲಿ ಸ್ಟ್ಯಾಂಡು ಎಕ್ಸ್‌ಟ್ರಾ ಇದೆ, ಹಿಟ್ಟು ಮಾತ್ರ ನೀವೇ ಸನಿವೇಲ್‌ನಿಂದ ತನ್ನಿ.