ಗೊಂಡೋಲಾನಾ, ಚೇರ್‌ಲಿಫ್ಟಾ? ರೋಪ್‌ವೇಯಲ್ಲಿ ಕೆಲಸ ಮಾಡಿದವರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ಮುಂದಿನ ತಿಂಗಳು ನಾಲ್ಕು ದಿನ ಬೆಟ್ಟಕ್ಕೆ ಹೋಗುತ್ತಿದ್ದೇವೆ. ನಾನು, ನನ್ನ ಹೆಂಡತಿ, 6 ವರ್ಷದ ಮಗಳು, 72 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು ಇದೆ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಲ್ಲಿ ಮೂರು ಲಿಫ್ಟ್ ಇವೆ. ಒಂದು 3,500 ಮೀಟರ್ ಎತ್ತರಕ್ಕೆ ಹೋಗುವ ದೊಡ್ಡ ಕೇಬಲ್ ಕಾರ್. ಇನ್ನೊಂದು 2,100 ಮೀಟರ್‌ಗೆ ಹೋಗುವ, ಎಂಟು ಜನ ಕೂರುವ ಸಣ್ಣ ಮುಚ್ಚಿದ ಕ್ಯಾಬಿನ್‌ಗಳ ಗೊಂಡೋಲಾ. ಮೂರನೆಯದು ಹುಲ್ಲುಗಾವಲಿನ ಮೇಲೆ ಸಾಗುವ, ಹಗ್ಗಕ್ಕೆ ತೂಗುಬಿಟ್ಟ ತೆರೆದ ಕುರ್ಚಿಯಲ್ಲಿ ಇಬ್ಬರು ಕೂರುವ ಚೇರ್‌ಲಿಫ್ಟ್. ಅಷ್ಟು ದೂರ ಹೋಗಿ ಎಲ್ಲಕ್ಕಿಂತ ಎತ್ತರದ್ದನ್ನೇ ಬಿಟ್ಟು ಬಂದರೆ ಆಮೇಲೆ ಬೇಜಾರಾಗುತ್ತೇನೋ ಅನ್ನಿಸುತ್ತಿದೆ. ಒಂದೇ ಒಂದು ಆರಿಸಿಕೊಳ್ಳಬೇಕು ಅಂದರೆ ಯಾವುದು?

ಉತ್ತರ: ನಮಸ್ಕಾರ. ನಾನು 19 ವರ್ಷ ರೋಪ್‌ವೇಯಲ್ಲಿ ದುಡಿದವನು. ಮೊದಲು ಜನರನ್ನು ಹತ್ತಿಸಿ ಇಳಿಸುವ ಪ್ಲಾಟ್‌ಫಾರ್ಮ್‌ನಲ್ಲಿದ್ದೆ. ಆಮೇಲೆ ಹಗ್ಗ, ರೋಲರ್, ಬ್ರೇಕ್ ನೋಡಿಕೊಳ್ಳುವ ತಂಡದಲ್ಲಿ. ನಿಮ್ಮ ನಾಲ್ಕು ಜನರಿಗೂ ಸೇರಿ ಒಂದೇ ಸವಾರಿ ಅಂದರೆ, 2,100 ಮೀಟರ್‌ನ ಗೊಂಡೋಲಾ. ಯೋಚನೆ ಮಾಡದೆ ಅದನ್ನೇ ತೆಗೆದುಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ಗುಂಪಿನಲ್ಲಿ ಯಾರ ದೇಹಕ್ಕೆ ಕಷ್ಟವೋ ಅವರನ್ನು ನೋಡಿ ಸವಾರಿ ಆರಿಸಬೇಕು. ನಿಮ್ಮಲ್ಲಿ ಅದು ಅಮ್ಮ. 3,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಸುಮಾರು 65 ಪ್ರತಿಶತ ಮಾತ್ರ. ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ನಡೆದು ಹೋದರೆ ದೇಹಕ್ಕೆ ಹೊಂದಿಕೊಳ್ಳಲು ದಿನಗಳು ಸಿಗುತ್ತವೆ. ಕೇಬಲ್ ಕಾರ್‌ನಲ್ಲಿ ನಿಮಿಷಗಳು. ಫ್ರಾನ್ಸಿನ ಶಾಮೊನಿಯಿಂದ ಎಗ್ವಿ ದು ಮಿದಿಗೆ ಹೋಗುವ ಕೇಬಲ್ ಕಾರ್ 1,035 ಮೀಟರ್‌ನಿಂದ 3,777 ಮೀಟರ್‌ಗೆ ಸುಮಾರು 20 ನಿಮಿಷದಲ್ಲಿ ಏರಿಸುತ್ತದೆ. ಆರೋಗ್ಯವಂತ ಹುಡುಗರೇ ಮೇಲೆ ಇಳಿದು ನಾಲ್ಕು ಮೆಟ್ಟಿಲು ಓಡಿ ತಲೆ ಹಿಡಿದುಕೊಂಡು ಕೂರುತ್ತಾರೆ. 2,100 ಮೀಟರ್‌ನಲ್ಲಿ ಬಹಳ ಜನಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೂ ಬಿಪಿ ಇರುವುದರಿಂದ ಹೊರಡುವ ಮುಂಚೆ ಅಮ್ಮನ ಡಾಕ್ಟರನ್ನು ಒಂದು ಮಾತು ಕೇಳಿಬಿಡಿ.

ಎರಡನೇ ಕಾರಣ ಮಂಡಿ. ದೊಡ್ಡ ಕೇಬಲ್ ಕಾರ್‌ಗಳಲ್ಲಿ ಸಾಮಾನ್ಯವಾಗಿ ನಿಂತೇ ಹೋಗಬೇಕು. ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಬರುತ್ತದೆ. ಹಾಗಾಗಿ ಮುಂದಿನದು ಬರುವ ತನಕ ಸಾಲಿನಲ್ಲೂ ನಿಲ್ಲಬೇಕು. ಗೊಂಡೋಲಾ ಹಾಗಲ್ಲ. ಸಣ್ಣ ಕ್ಯಾಬಿನ್‌ಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಸ್ಟೇಷನ್ನಿಗೆ ಬಂದಾಗ ಕ್ಯಾಬಿನ್ ಓಡುವ ಹಗ್ಗವನ್ನು ಬಿಟ್ಟು, ಬೇರೆ ಹಳಿಯ ಮೇಲೆ ಆಮೆಯ ಹಾಗೆ ತೆವಳುತ್ತದೆ. ಅಷ್ಟರಲ್ಲಿ ಆರಾಮಾಗಿ ಹತ್ತಿ ಕೂರಬಹುದು. ಅಮ್ಮನಿಗೆ ಅದೂ ಕಷ್ಟ ಅನ್ನಿಸಿದರೆ ಬಾಗಿಲ ಹತ್ತಿರ ನಿಂತ ಸಿಬ್ಬಂದಿಗೆ ಹೇಳಿ. ನಿಧಾನ ಮಾಡುತ್ತಾರೆ, ಬೇಕಾದರೆ ಪೂರ್ತಿ ನಿಲ್ಲಿಸುತ್ತಾರೆ. ಕೇಳುವುದಕ್ಕೆ ದಯವಿಟ್ಟು ಸಂಕೋಚ ಬೇಡ. ದಿನಕ್ಕೆ ಹತ್ತಾರು ಸಲ ನಾನೇ ನಿಲ್ಲಿಸಿದ್ದೇನೆ.

ಇನ್ನು ನಿಮ್ಮ ಬೇಜಾರಿನ ಮಾತು. ಎತ್ತರ ಜಾಸ್ತಿ ಆದಷ್ಟೂ ನೋಟ ಚೆನ್ನಾಗಿರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವ ಬೇರೆ. ತುತ್ತತುದಿಗೆ ಹೋದರೆ ಸುತ್ತಲಿನ ಶಿಖರಗಳು ನಿಮ್ಮ ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಬಂದುಬಿಡುತ್ತವೆ. ಕಣಿವೆ ದೂರದಲ್ಲಿ ಮಸುಕಾಗಿ ಕಾಣುತ್ತದೆ. ಬೆಟ್ಟದ ಅರ್ಧದಲ್ಲಿ ನಿಂತರೆ ಮೇಲಕ್ಕೆ ಶಿಖರ, ಕೆಳಗೆ ಕಾಡು, ನದಿ, ಮನೆಗಳು, ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಬೆಟ್ಟ ದೊಡ್ಡದು ಅನ್ನಿಸುವುದು ಅಲ್ಲಿಂದಲೇ. ಕೆನಡಾದ ಬ್ಯಾಂಫ್ ಗೊಂಡೋಲಾ ಎಂಟೇ ನಿಮಿಷದ ಸವಾರಿ. ಮೇಲಿನ ಸ್ಟೇಷನ್ 2,281 ಮೀಟರ್‌ನಲ್ಲಿದೆ. ಅಲ್ಲಿ ನಿಂತು ನೋಡಿದವರು ಇನ್ನೂ ಸಾವಿರ ಮೀಟರ್ ಮೇಲೆ ಹೋಗಬೇಕಿತ್ತು ಅಂತ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅದೇ ಸದಸ್ಯರು: ತುಂಬಾ ಥ್ಯಾಂಕ್ಸ್ ಸರ್, ಅಮ್ಮನಿಗೂ ಓದಿ ಹೇಳಿದೆ. ಆದರೆ ಮಗಳು ಚೇರ್‌ಲಿಫ್ಟ್ ಫೋಟೋ ನೋಡಿದಾಗಿನಿಂದ ಹಟ ಹಿಡಿದಿದ್ದಾಳೆ. 6 ವರ್ಷದ ಮಗುವನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಹೋಗಬಹುದು, ಅಲ್ಲಿನ ನಿಯಮ ಒಪ್ಪಿದರೆ. ಒಂದೊಂದು ಲಿಫ್ಟ್‌ಗೆ ಒಂದೊಂದು ವಯಸ್ಸು, ಒಂದೊಂದು ಎತ್ತರದ ಮಿತಿ ಇರುತ್ತದೆ. ಮೊದಲು ಫೋನ್ ಮಾಡಿ ಎರಡು ವಿಷಯ ಕೇಳಿ. ಮಗು ಬರಬಹುದಾ? ಸ್ಕೀ (ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಪಟ್ಟಿ) ಇಲ್ಲದೆ ನಡೆದು ಬರುವವರನ್ನು ಹತ್ತಿಸುವುದರ ಜೊತೆಗೆ ಕೆಳಕ್ಕೂ ಕರೆತರುತ್ತಾರಾ? ಎಷ್ಟೋ ಚೇರ್‌ಲಿಫ್ಟ್‌ಗಳು ಸ್ಕೀ ಮಾಡುವವರಿಗೆ ಮಾತ್ರ. ಕೆಲವು ಮೇಲಕ್ಕೆ ಮಾತ್ರ ಜನರನ್ನು ಒಯ್ಯುತ್ತವೆ. ಇದನ್ನು ಕೇಳದೆ ಹೋಗಿ, ಮೇಲಿಂದ ಎರಡು ಗಂಟೆ ಇಳಿಜಾರಿನಲ್ಲಿ ಮಗುವನ್ನು ಎತ್ತಿಕೊಂಡು ಬಂದವರನ್ನು ನೋಡಿದ್ದೇನೆ.

ಇಬ್ಬರು ಕೂರುವ ಚೇರ್‌ಲಿಫ್ಟ್ ಅಂದಿರಿ. ಅದು ಹಳೆಯ ರೀತಿಯದಾದರೆ ಕುರ್ಚಿ ಹಗ್ಗಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಸ್ಟೇಷನ್ನಿನಲ್ಲೂ ಅದೇ ವೇಗ, ಸೆಕೆಂಡಿಗೆ ಸುಮಾರು ಎರಡು ಮೀಟರ್. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಬಿರುಸಾಗಿ ನಡೆಯುವವರಿಗಿಂತಲೂ ಜೋರು. ಹಿಂದಿನಿಂದ ಬಂದು ಮೊಣಕಾಲಿನ ಹಿಂಭಾಗಕ್ಕೆ ತಾಗುತ್ತದೆ. ಹೊಸ ಮಾದರಿಯವು ಗೊಂಡೋಲಾ ಹಾಗೆ ಸ್ಟೇಷನ್ನಿನಲ್ಲಿ ನಿಧಾನ ಆಗುತ್ತವೆ, ದಾರಿಯಲ್ಲಿ ಮಾತ್ರ ಸೆಕೆಂಡಿಗೆ ಐದು ಮೀಟರ್ ತನಕ ಓಡುತ್ತವೆ. ಮಗುವಿನ ಜೊತೆ ಹೋಗುವವರಿಗೆ ಹೊಸದು ಸುಲಭ.

ಹತ್ತುವ ಮುಂಚೆ ಐದು ನಿಮಿಷ ಪಕ್ಕದಲ್ಲಿ ನಿಂತು ಬೇರೆಯವರು ಹೇಗೆ ಹತ್ತುತ್ತಾರೆ ಅಂತ ಮಗಳಿಗೆ ತೋರಿಸಿ. ಬೆನ್ನ ಮೇಲಿನ ಬ್ಯಾಗನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಿ. ಬ್ಯಾಗಿನ ಪಟ್ಟಿ, ಜೋತಾಡುವ ದುಪಟ್ಟಾ, ಉದ್ದ ಶಾಲು ಕುರ್ಚಿಗೆ ಸಿಕ್ಕಿಕೊಂಡರೆ ಇಳಿಯುವಾಗ ನಿಜಕ್ಕೂ ಅಪಾಯ. ಮಗಳನ್ನು ಸಿಬ್ಬಂದಿ ನಿಂತಿರುವ ಬದಿಗೆ ನಿಲ್ಲಿಸಿ, ಅವರ ಕೈಗೆ ಸಿಗುವ ಹಾಗೆ. ಗುರುತಿನ ಗೆರೆಯ ಮೇಲೆ ನಿಂತು ಭುಜದ ಮೇಲಿಂದ ಹಿಂದೆ ನೋಡುತ್ತಾ ಇರಿ. ಕುರ್ಚಿ ಬಂದ ಕೂಡಲೇ ಕೂತು ಪೂರ್ತಿ ಹಿಂದಕ್ಕೆ ಸರಿಯಿರಿ, ಆಮೇಲೆ ಅಡ್ಡ ಸರಳನ್ನು ಇಳಿಸಿ. ಮೇಲೆ ಬೋರ್ಡ್ ಹೇಳುವ ತನಕ ಅದನ್ನು ಎತ್ತಬೇಡಿ. ಮಗುವಿಗೆ ಸರಿಯಾಗಿ ಕೂರಲು ಆಗಲಿಲ್ಲವಾ? ಎಳೆದು ಹಿಡಿದುಕೊಂಡು ಸಾಗಬೇಡಿ. ತಕ್ಷಣ ಜೋರಾಗಿ ಕೂಗಿ. ಲಿಫ್ಟ್ ನಿಲ್ಲುತ್ತದೆ.

ಇಬ್ಬರೂ ಕಟ್ಟುವ ಶೂ ಹಾಕಿಕೊಳ್ಳಿ. ವಾರಕ್ಕೊಮ್ಮೆ ನಾವು ಹಗ್ಗದ ಕೆಳಗಿನ ದಾರಿಯಲ್ಲಿ ನಡೆಯುತ್ತಿದ್ದೆವು. ಚಪ್ಪಲಿ, ಕನ್ನಡಕ, ಫೋನ್ ಸಿಗದ ವಾರವೇ ಇರಲಿಲ್ಲ. ಜೊತೆಗೆ ಒಂದು ದಪ್ಪ ಜಾಕೆಟ್. ಅಲ್ಲಾಡದೆ ಹದಿನೈದು ನಿಮಿಷ ಗಾಳಿಯಲ್ಲಿ ಕೂತರೆ ಬಿಸಿಲಿದ್ದರೂ ಮಗು ನಡುಗುತ್ತದೆ.

ಇಷ್ಟೆಲ್ಲ ಹೇಳಿ ಹೆದರಿಸಿದೆ ಅಂದುಕೊಳ್ಳಬೇಡಿ. ನನಗೆ ಎಲ್ಲ ಲಿಫ್ಟ್‌ಗಳಿಗಿಂತ ಇಷ್ಟ ಚೇರ್‌ಲಿಫ್ಟೇ. ಗಾಜಿಲ್ಲ, ಬಾಗಿಲಿಲ್ಲ. ಹುಲ್ಲಿನ ವಾಸನೆ ಬರುತ್ತದೆ, ಕೆಳಗೆ ಹರಿಯುವ ತೊರೆಯ ಸದ್ದು ಕೇಳುತ್ತದೆ. ಒಂದು ಕಂಬದಿಂದ ಇನ್ನೊಂದು ಕಂಬದ ತನಕ ಸದ್ದೇ ಇರುವುದಿಲ್ಲ. ನಿಮ್ಮ ಮಗಳು ಅದನ್ನು ಮರೆಯುವುದಿಲ್ಲ.

ಇನ್ನೊಬ್ಬ ಸದಸ್ಯರು: ಗಾಜಿನ ತಳದ ಕ್ಯಾಬಿನ್, ತಿರುಗುವ ಕ್ಯಾಬಿನ್ ಅಂತೆಲ್ಲ ಬಂದಿವೆ. ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡುವುದು ಸರಿನಾ?

ಉತ್ತರ: ತಿರುಗುವುದಕ್ಕೆ ಹೌದು. ಸ್ವಿಟ್ಜರ್‌ಲ್ಯಾಂಡಿನ ಟಿಟ್ಲಿಸ್‌ನಲ್ಲಿ 1992ರಿಂದ ತಿರುಗುವ ಕೇಬಲ್ ಕಾರ್ ಇದೆ. ಕೇಪ್‌ಟೌನಿನ ಟೇಬಲ್ ಮೌಂಟನ್‌ನಲ್ಲಿ 1997ರಿಂದ ಕ್ಯಾಬಿನ್ನಿನ ನೆಲ ತಿರುಗುತ್ತದೆ. ತುಂಬಿದ ಕ್ಯಾಬಿನ್ನಿನಲ್ಲಿ ಕಿಟಕಿಗಾಗಿ ನೂಕಾಟ ಇಲ್ಲ. ಕುಳ್ಳಗಿರುವವರಿಗೂ ಮಕ್ಕಳಿಗೂ ಸರದಿ ಬರುತ್ತದೆ. ಸ್ವಿಟ್ಜರ್‌ಲ್ಯಾಂಡಿನದೇ ಇನ್ನೊಂದು ಬೆಟ್ಟ ಸ್ಟಾನ್ಸರ್‌ಹಾರ್ನ್‌ನಲ್ಲಿ 2012ರಿಂದ ಚಾವಣಿಯೇ ಇಲ್ಲದ ಮೇಲಂತಸ್ತಿನ ಕೇಬಲ್ ಕಾರ್ ಓಡುತ್ತಿದೆ. ಅಂಥದ್ದು ನಿಮ್ಮ ದಾರಿಯಲ್ಲಿ ಸಿಕ್ಕರೆ ಬಿಡಲೇಬೇಡಿ.

ಗಾಜಿನ ತಳ ಮಾತ್ರ ಜಾಗ ನೋಡಿ. ಕೆನಡಾದ ವಿಸ್ಲರ್‌ನಲ್ಲಿ ಎರಡು ಬೆಟ್ಟಗಳ ನಡುವೆ ಪೀಕ್ ಟು ಪೀಕ್ ಅನ್ನುವ ಗೊಂಡೋಲಾ ಇದೆ. ಕಣಿವೆಯ ತಳದಿಂದ 436 ಮೀಟರ್ ಮೇಲೆ ಸಾಗುತ್ತದೆ. ಮೂರು ಕಿಲೋಮೀಟರ್ ದೂರಕ್ಕೆ ನಡುವೆ ಒಂದು ಕಂಬವೂ ಇಲ್ಲ. ಅಲ್ಲಿ ಗಾಜಿನ ತಳಕ್ಕಾಗಿ ಕಾದರೂ ಸರಿ. ಮರಗಳ ತಲೆಗೆ ಇಪ್ಪತ್ತು ಮೀಟರ್ ಮೇಲೆ ಹೋಗುವ ಲಿಫ್ಟ್‌ನಲ್ಲಿ ಗಾಜಿನ ತಳ ಹಾಕಿದರೆ ಎರಡು ನಿಮಿಷಕ್ಕೆ ಸಾಕಾಗುತ್ತದೆ. ಆ ದುಡ್ಡು ಉಳಿಸಿ.

ಮತ್ತೊಬ್ಬ ಸದಸ್ಯರು: ಸರ್, ನನಗೆ ಎತ್ತರ ಅಂದರೆ ಭಯ. ಮನೆಯವರೆಲ್ಲ ಹೋಗೋಣ ಅಂತಾರೆ. ಮಧ್ಯದಲ್ಲಿ ನಿಂತುಹೋದರೆ ಏನು ಗತಿ ಅನ್ನುವುದೇ ಯೋಚನೆ.

ಉತ್ತರ: ನಿಮ್ಮ ಭಯ ಸಣ್ಣದಲ್ಲ. ಅದನ್ನು ಮುಚ್ಚಿಡಬೇಡಿ, ಮನೆಯವರಿಗೂ ಹೇಳಿ.

ಲಿಫ್ಟ್ ನಡುವೆ ನಿಲ್ಲುತ್ತದೆ, ಅದು ನಿಜ. ಹೆಚ್ಚಾಗಿ ನಿಲ್ಲುವುದು ಕೆಳಗೆ ಯಾರೋ ವಯಸ್ಸಾದವರು ಹತ್ತುತ್ತಿರುವುದಕ್ಕೆ, ಇಲ್ಲವೇ ಯಾರದೋ ಬ್ಯಾಗ್ ಬಾಗಿಲಿಗೆ ಸಿಕ್ಕಿದ್ದಕ್ಕೆ. ಅರ್ಧ ನಿಮಿಷ, ಒಂದು ನಿಮಿಷ. ಮೇಲೆ ಕೂತವರಿಗೆ ಕಾರಣ ಕಾಣುವುದಿಲ್ಲ, ಅದಕ್ಕೇ ಗಾಬರಿ. ನಿಂತಾಗ ಕ್ಯಾಬಿನ್ ಸ್ವಲ್ಪ ತೂಗಾಡುತ್ತದೆ. ಕಂಬ ದಾಟುವಾಗ ಗಡಗಡ ಅನ್ನುತ್ತದೆ. ಅದು ಹಗ್ಗ ರೋಲರ್ ಮೇಲೆ ಹಾದುಹೋಗುವ ಸದ್ದು. ಕರೆಂಟ್ ಹೋದರೆ ಜನರನ್ನು ನಿಧಾನವಾಗಿ ಸ್ಟೇಷನ್ನಿಗೆ ತರುವುದಕ್ಕೆ ಡೀಸೆಲ್ ಎಂಜಿನ್ ಇರುತ್ತದೆ. ಬೆಳಿಗ್ಗೆ ಮೊದಲ ಪ್ರಯಾಣಿಕ ಹತ್ತುವ ಮುಂಚೆ ನಾವು ಖಾಲಿ ಕ್ಯಾಬಿನ್ ಓಡಿಸಿ ನೋಡುತ್ತಿದ್ದೆವು. ಗಾಳಿ ಜೋರಾದರೆ ಮೊದಲು ವೇಗ ಇಳಿಸುತ್ತೇವೆ, ಆಮೇಲೆ ಹತ್ತಿಸುವುದನ್ನೇ ನಿಲ್ಲಿಸುತ್ತೇವೆ. ಕೌಂಟರ್‌ನಲ್ಲಿ ಗಾಳಿಯಿಂದ ಬಂದ್ ಅಂತ ಬೋರ್ಡ್ ಕಂಡರೆ ಅವರ ಮೇಲೆ ರೇಗಬೇಡಿ. ಯಾರೋ ಸರಿಯಾಗಿ ಕೆಲಸ ಮಾಡುತ್ತಿದ್ದಾರೆ.

ನೀವು ಚೇರ್‌ಲಿಫ್ಟ್ ಬಿಡಿ, ಮುಚ್ಚಿದ ಗೊಂಡೋಲಾ ತೆಗೆದುಕೊಳ್ಳಿ. ಹತ್ತು ನಿಮಿಷಕ್ಕಿಂತ ಕಡಿಮೆ ಇರುವುದು, ನಡುವೆ ಇಳಿಯುವ ಸ್ಟೇಷನ್ ಇದ್ದರೆ ಇನ್ನೂ ಒಳ್ಳೆಯದು. ಹೋಗುವಾಗ ಬೆಟ್ಟದ ಕಡೆ ಮುಖ ಮಾಡಿ ಕೂತರೆ ಎದುರಿಗೆ ನೆಲವೇ ಕಾಣುತ್ತದೆ. ಬಹಳ ಜನಕ್ಕೆ ಭಯ ಬರುವುದು ಇಳಿಯುವಾಗ. ಆಗಲೂ ಬೆಟ್ಟದ ಕಡೆಯೇ ಮುಖ ಮಾಡಿ ಕೂತುಕೊಳ್ಳಿ. ಮಧ್ಯದ ಸ್ಟೇಷನ್ನಿನಲ್ಲಿ ಸಾಕು ಅನ್ನಿಸಿದರೆ ಅಲ್ಲೇ ಇಳಿದು ಕಾಯಿರಿ. ಎಷ್ಟೋ ಜನ ಹಾಗೆ ಮಾಡುತ್ತಾರೆ.

ಇನ್ನೊಬ್ಬ ಸದಸ್ಯರು: ಬೆಳಿಗ್ಗೆ ಹೋಗಬೇಕಾ, ಸಂಜೆನಾ? ಹೋದ ಸಲ ಟಿಕೆಟ್ ತೆಗೆದುಕೊಂಡು ಮೇಲೆ ಹೋದರೆ ಬರೀ ಬಿಳಿ ಮಂಜು.

ಉತ್ತರ: ಬೆಳಿಗ್ಗೆ. ಸಾಧ್ಯವಾದರೆ ಮೊದಲ ಒಂದು ಗಂಟೆಯಲ್ಲೇ. ಬಿಸಿಲೇರಿದ ಹಾಗೆ ಕಣಿವೆಯ ತೇವದ ಗಾಳಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಶಿಖರದ ಸುತ್ತ ಮೋಡ ಕಟ್ಟುತ್ತದೆ. ಬೇಸಿಗೆಯಲ್ಲಿ ಗುಡುಗು ಸಿಡಿಲೂ ಆಗಲೇ.

ದೊಡ್ಡ ಲಿಫ್ಟ್‌ಗಳಲ್ಲಿ ಬಹಳಷ್ಟಕ್ಕೆ ಮೇಲಿನ ಸ್ಟೇಷನ್ನಿನಲ್ಲಿ ಕ್ಯಾಮೆರಾ ಇರುತ್ತದೆ. ಈಗ ಅಲ್ಲಿ ಏನು ಕಾಣುತ್ತಿದೆ ಅನ್ನುವುದನ್ನು ಫೋನಿನಲ್ಲೇ ನೋಡಬಹುದು. ಅದನ್ನು ನೋಡದೆ ಟಿಕೆಟ್ ಕೊಳ್ಳಬೇಡಿ. ಕೆಳಗೆ ಮಂಜು ಮುಸುಕಿದೆ ಅಂತ ರೂಮಿನಲ್ಲೇ ಉಳಿಯಬೇಡಿ ಕೂಡ. ಚಳಿಗಾಲದಲ್ಲಿ ತಣ್ಣನೆ ಗಾಳಿ ಕಣಿವೆಯಲ್ಲಿ ಕೂತುಬಿಡುತ್ತದೆ. ಕೆಳಗೆ ಮಂಜು, ಮೇಲೆ ಚೆನ್ನಾಗಿ ಬಿಸಿಲು. ಗೊಂಡೋಲಾ ಮೋಡದೊಳಗಿಂದ ಮೇಲಕ್ಕೆ ಬರುವ ಆ ಒಂದು ಗಳಿಗೆಯನ್ನು ನಾನು ನೂರಾರು ಸಲ ನೋಡಿದ್ದೇನೆ. ಪ್ರತಿ ಸಲವೂ ಕ್ಯಾಬಿನ್ನಿನಲ್ಲಿ ಮಾತು ನಿಂತುಹೋಗುತ್ತದೆ.

ಇಂಥ ದಿನವೇ ಅಂತ ಮುಂಚಿತವಾಗಿ ಟಿಕೆಟ್ ಕಟ್ಟಿಹಾಕಿಕೊಳ್ಳಬೇಡಿ. ನಾಲ್ಕು ದಿನ ಇದ್ದರೆ ಮೊದಲ ಒಳ್ಳೆಯ ಬೆಳಿಗ್ಗೆಯೇ ಹೋಗಿ. ಸೀಸನ್ ಇಲ್ಲದ ತಿಂಗಳುಗಳಲ್ಲಿ ರಿಪೇರಿಗಾಗಿ ವಾರಗಟ್ಟಲೆ ಮುಚ್ಚುತ್ತಾರೆ, ಅದನ್ನೂ ವಿಚಾರಿಸಿ. ಕೆಳಗಿಳಿಯುವ ಕೊನೆಯ ಕ್ಯಾಬಿನ್ ಎಷ್ಟು ಗಂಟೆಗೆ ಅನ್ನುವುದನ್ನು ಮೇಲೆ ಇಳಿದ ತಕ್ಷಣ ನೋಡಿಟ್ಟುಕೊಳ್ಳಿ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಬಿಸಿಲು ಮಾತ್ರ ಇನ್ನೂ ಚುರುಕು. ಹಿಮ ಇದ್ದರೆ ಕಪ್ಪು ಕನ್ನಡಕ ಬೇಕೇ ಬೇಕು.

ಮೊದಲು ಕೇಳಿದ ಸದಸ್ಯರು: ಸರ್, ತೀರ್ಮಾನ ಆಯಿತು. ಎಲ್ಲರೂ ಗೊಂಡೋಲಾ. ಇನ್ನೊಂದು ದಿನ ನನ್ನ ಹೆಂಡತಿ, ಮಗಳು ಇಬ್ಬರೇ ಚೇರ್‌ಲಿಫ್ಟ್. ನಾನು ಅಮ್ಮನ ಜೊತೆ ಕೆಳಗೆ ಕೂತು ಕೈ ಬೀಸುತ್ತೇನೆ. ಗೊಂಡೋಲಾದಲ್ಲಿ ಅಮ್ಮನನ್ನು ಎಲ್ಲಿ ಕೂರಿಸಲಿ?

ಉತ್ತರ: ಮೇಲೆ ಹೋಗುವಾಗ ಕಣಿವೆ ಕಡೆ ಮುಖ ಮಾಡಿ, ಕಿಟಕಿ ಪಕ್ಕ. ಎಲ್ಲರೂ ಮುಂದೆ ನೋಡುವ ಸೀಟಿಗೆ ಹೋಗುತ್ತಾರೆ. ಅಲ್ಲಿ ಕಾಣುವುದು ಬೆಟ್ಟದ ಮೈ ಮತ್ತು ಕಂಬ. ಕಣಿವೆ ಒಂದೊಂದಾಗಿ ಬಿಚ್ಚಿಕೊಳ್ಳುವುದು ಹಿಂದಕ್ಕೆ ನೋಡುವವರಿಗೆ. ಇಳಿಯುವಾಗ ಎದುರು ಸೀಟಿಗೆ ಬದಲಾಯಿಸಬೇಡಿ. ಅಮ್ಮ ಅದೇ ಸೀಟಿನಲ್ಲಿ ಕೂತರೆ ಈ ಸಲ ಶಿಖರ ಕಾಣುತ್ತದೆ, ನಿಧಾನವಾಗಿ ಮೇಲಕ್ಕೆ ಏಳುತ್ತಾ. ಕಿವಿ ಕಟ್ಟಿದ ಹಾಗಾದರೆ ಗುಟುಕು ಗುಟುಕಾಗಿ ನೀರು ಕುಡಿಯಲಿ. ಬಾಟಲಿ ಅವರ ಕೈಯಲ್ಲೇ ಕೊಟ್ಟಿರಿ.